ಕೆಳಗಿನ ಪಟ್ಟಿಕೆ ಮಾತ್ರ ಇರುವ ವೀರಗಲ್ಲು

(ಶಿವಮೊಗ್ಗ ಹತ್ತಿರದ ಸೋಗಾನೆಯಲ್ಲಿ ಅಕ್ಕಪಕ್ಕದ ಮನೆಯವರಿಬ್ಬರ ಮಾತು ಇದು. ಒಬ್ಬರು ಸೇನೆಯಿಂದ ನಿವೃತ್ತರಾದ ಹವಾಲ್ದಾರ್, ಇನ್ನೊಬ್ಬರು ಭದ್ರಾವತಿಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸಿದ ಮೇಷ್ಟ್ರು. ಜೋಸೆಫ್ ವಿಲ್ಸ್‌ಮಾಯರ್ ನಿರ್ದೇಶಿಸಿದ ಜರ್ಮನ್ ಚಿತ್ರ ‘ಸ್ಟಾಲಿನ್‌ಗ್ರಾಡ್’ ಅನ್ನು ಇಬ್ಬರೂ ಮೇಷ್ಟ್ರ ಮನೆಯ ಟಿ.ವಿ.ಯಲ್ಲಿ ಕೂತು ನೋಡಿದ್ದರು.)

ಮೇಷ್ಟ್ರು: ಸಿನಿಮಾ ಮುಗಿದದ್ದೇ ತಡ, ಒಂದು ಮಾತೂ ಆಡದೆ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟಿರಲ್ಲ ಹವಾಲ್ದಾರ್ರೇ. ಬೇಜಾರಾಯ್ತಾ?

ಹವಾಲ್ದಾರ್: ಬೇಜಾರಲ್ಲ ಮೇಷ್ಟ್ರೇ, ಸಿಟ್ಟು. ಇದೇನು ಸೈನಿಕನ ಮರ್ಯಾದೆ ತೆಗೆಯೋ ಸಿನಿಮಾನಾ ಅನ್ನಿಸ್ತು. ಒಬ್ಬ ಗಾಯಗೊಂಡ ಗೆಳೆಯನನ್ನ ಮೊದಲು ನೋಡು ಅಂತ ಡಾಕ್ಟರಿಗೇ ಬಂದೂಕು ಹಿಡೀತಾನೆ. ಇನ್ನು ಮೂವರು ಸತ್ತವರ ಮೈಮೇಲಿನ ಗಾಯಾಳು ಚೀಟಿ ಕಿತ್ಕೊಂಡು ವಿಮಾನ ಹತ್ತಿ ಪಾರಾಗೋಕೆ ನೋಡ್ತಾರೆ. ನಾವು ಇಂಥವರಾ ಅಂತ ರೇಗಿತು.

ಮೇಷ್ಟ್ರು: ಆದರೂ ಕೊನೇತನಕ ಕೂತಿದ್ದಿರಿ.

ಹವಾಲ್ದಾರ್: ಹಿಮ ಬಿತ್ತಲ್ಲ, ಅದಕ್ಕೆ ಕೂತೆ. ಮೊದಲು ಇಟಲಿಯ ಕಡಲತೀರ, ಬಿಸಿಲು, ರಜೆ, ಎದೆಗೆ ಪದಕ. ಅಲ್ಲಿಂದ ರೈಲು ಹತ್ತಿಸಿ ರಷ್ಯಕ್ಕೆ ಕಳಿಸ್ತಾರೆ. ಗುಂಡು ಹಾರಿಸೋದನ್ನ ಯಾರು ಬೇಕಾದರೂ ಸೆಟ್ ಹಾಕಿ ತೋರಿಸಬಹುದು. ಚಳಿ ತೋರಿಸೋದು ಕಷ್ಟ. ಈ ಚಿತ್ರದವರು ಅದನ್ನ ತೋರಿಸಿದ್ದಾರೆ. ಮುಖಕ್ಕೆ ಸುತ್ತಿದ ಚಿಂದಿ ಬಟ್ಟೆ, ಗಡ್ಡದ ಮೇಲೆ ಕಟ್ಟಿದ ಮಂಜು, ಕಾಲು ಎತ್ತಿಡುವಾಗಿನ ನಿಧಾನ. ನಾನು ಸಿಯಾಚಿನ್‌ನಲ್ಲಿ ಇದ್ದವನು, ನನಗೆ ಗೊತ್ತಾಗುತ್ತೆ. ಅಲ್ಲಿ ಬರಿಗೈಲಿ ರೈಫಲ್ ಮುಟ್ಟಿದರೆ ಚರ್ಮ ಕಬ್ಬಿಣಕ್ಕೇ ಅಂಟಿಕೊಳ್ಳುತ್ತೆ. ಒಳಗೆ ಬೆವರಿದ ಗ್ಲೌಸು ಹೊರಗೆ ಕಾಲಿಟ್ಟ ಕೂಡಲೇ ಸೆಟೆದು ನಿಲ್ಲುತ್ತೆ. ಕಿತ್ತಳೆ ಹಣ್ಣನ್ನ ಸುತ್ತಿಗೇಲಿ ಒಡೆದು ತಿನ್ನಬೇಕು. ಡೇರೆಯೊಳಗೆ ಹಗಲೂ ರಾತ್ರಿ ಸೀಮೆಎಣ್ಣೆ ಸ್ಟೌವ್ ಉರೀತಿರುತ್ತೆ, ಉಗುಳಿದರೆ ಉಗುಳೂ ಕಪ್ಪು. ನಮಗೆ ಹೇಳಿಕೊಟ್ಟ ಪಾಠ ಒಂದಿತ್ತು: ಜೊತೆಗಾರ ನಡುಗುತ್ತಾ ಇರೋ ತನಕ ಭಯ ಇಲ್ಲ. ನಡುಕ ನಿಂತು, ನಿದ್ದೆ ಬರ್ತಿದೆ ಅಂದನೋ, ಆಗ ಹೆದರಬೇಕು.

ಮೇಷ್ಟ್ರು: ಕೊನೆಯ ದೃಶ್ಯದಲ್ಲಿ ಆಗೋದೂ ಅದೇ. ವಿಟ್ಸ್‌ಲಾಂಟ್ ಅನ್ನೋ ಯುವ ಲೆಫ್ಟಿನೆಂಟ್ ಸಾಮಾನ್ಯ ಸಿಪಾಯಿ ಫ್ರಿಟ್ಸ್‌ನ ತೋಳಿನಲ್ಲಿ ಸಾಯ್ತಾನೆ. ಫ್ರಿಟ್ಸ್ ಅವನನ್ನ ಹಿಡಿದುಕೊಂಡೇ ಹೆಪ್ಪುಗಟ್ಟುತ್ತಾನೆ. ಅವರನ್ನ ಕೊನೆಗೆ ಕೊಂದದ್ದು ಶತ್ರುವಿನ ಗುಂಡಲ್ಲ.

ಹವಾಲ್ದಾರ್: ಅದನ್ನ ನೋಡಿದ ಮೇಲೆ ನನ್ನ ಸಿಟ್ಟು ಬೇರೆ ಕಡೆ ತಿರುಗಿತು. ಚಳಿಗೆ ಕೋಟು ಕೊಡದೆ ಇವರನ್ನ ಅಲ್ಲಿ ನಿಲ್ಲಿಸಿದವನು ಯಾರು? ಆ ಲೆಕ್ಕ ಸ್ವಲ್ಪ ಹೇಳಿ, ನೀವು ಓದಿಕೊಂಡವರು.

ಮೇಷ್ಟ್ರು: 1942ರ ನವೆಂಬರ್ 19ಕ್ಕೆ ರಷ್ಯನ್ನರ ಎದುರುದಾಳಿ ಶುರುವಾಯ್ತು. ನಾಲ್ಕೇ ದಿನದಲ್ಲಿ ಜರ್ಮನಿಯ ಆರನೇ ಸೇನೆಯನ್ನ ಸುತ್ತುಗಟ್ಟಿದರು. ಒಳಗೆ ಸಿಕ್ಕಿಬಿದ್ದವರು ಎರಡೂವರೆ ಲಕ್ಷಕ್ಕೂ ಹೆಚ್ಚು. ಅವರಿಗೆ ದಿನಕ್ಕೆ ಕಡಿಮೆ ಅಂದರೂ 300 ಟನ್ ಸಾಮಾನು ಬೇಕಿತ್ತು. ವಿಮಾನದಲ್ಲೇ ಸಾಗಿಸ್ತೀನಿ ಅಂತ ವಾಯುಸೇನೆಯ ಮುಖ್ಯಸ್ಥ ಗೋರಿಂಗ್ ಹಿಟ್ಲರನಿಗೆ ಮಾತು ಕೊಟ್ಟ. ತಲುಪಿದ್ದು ಸರಾಸರಿ 100 ಟನ್ ಆಸುಪಾಸು. ಚಳಿಗಾಲದ ಬಟ್ಟೆಯ ಬಹುಪಾಲು ಹಿಂದಿನ ರೈಲು ಡಿಪೋಗಳಲ್ಲೇ ಬಿದ್ದಿತ್ತು. ಕುದುರೆ ಕಡಿದು ತಿಂದರು. 1943ರ ಜನವರಿ 16ಕ್ಕೆ ಪಿತೋಮ್ನಿಕ್ ವಿಮಾನ ನಿಲ್ದಾಣವೂ ಕೈತಪ್ಪಿತು. ಸಿನಿಮಾದ ಮೂವರು ಚೀಟಿ ಹಿಡಿದು ಓಡೋದು ಅದೇ ನಿಲ್ದಾಣಕ್ಕೆ. ಜನವರಿ 30ಕ್ಕೆ ಹಿಟ್ಲರ್ ಆ ಸೇನೆಯ ಸೇನಾಪತಿ ಪೌಲುಸ್‌ಗೆ ಫೀಲ್ಡ್ ಮಾರ್ಷಲ್ ಪದವಿ ಕೊಟ್ಟ. ಅಲ್ಲಿಯವರೆಗೆ ಯಾವ ಜರ್ಮನ್ ಫೀಲ್ಡ್ ಮಾರ್ಷಲ್ಲೂ ಶರಣಾಗಿರಲಿಲ್ಲ. ಬದುಕಿ ಬರಬೇಡ ಅನ್ನೋದನ್ನ ಬಡ್ತಿಯ ರೂಪದಲ್ಲಿ ಹೇಳಿದ್ದು ಅದು. ಮರುದಿನವೇ ಪೌಲುಸ್ ಶರಣಾದ. ಫೆಬ್ರವರಿ 2ಕ್ಕೆ ಎಲ್ಲ ಮುಗೀತು. ಸೆರೆಸಿಕ್ಕವರು ಸುಮಾರು 91,000. ಊರಿಗೆ ವಾಪಸಾದವರು ಆರು ಸಾವಿರದ ಆಸುಪಾಸು, ಅದರಲ್ಲಿ ಕೊನೆಯವರು ಬಂದದ್ದು 1955ಕ್ಕೆ.

ಹವಾಲ್ದಾರ್: ನಮ್ಮ ಕಡೆ ಆಗ ಏನಾಗ್ತಿತ್ತು?

ಮೇಷ್ಟ್ರು: ಶಿಕಾರಿಪುರ ತಾಲ್ಲೂಕಿನ ಈಸೂರು ತಾನು ಸ್ವತಂತ್ರ ಅಂತ ಸಾರಿಕೊಂಡದ್ದು 1942ರ ಸೆಪ್ಟೆಂಬರ್‌ನಲ್ಲಿ. ಅಲ್ಲಿನ ಐವರನ್ನ ಗಲ್ಲಿಗೇರಿಸಿದ್ದು 1943ರ ಮಾರ್ಚ್‌ನಲ್ಲಿ. ಸ್ಟಾಲಿನ್‌ಗ್ರಾಡ್‌ನ ಹೋರಾಟದ ಬಹುಪಾಲು ಈ ಎರಡು ತುದಿಯ ನಡುವೆ ಬರುತ್ತೆ. ಇನ್ನೊಂದು ವಿಷಯ. ಭದ್ರಾವತಿಯವರಿಗೆ ಈ ಸಿನಿಮಾ ಬೇರೆಯವರಿಗಿಂತ ಬೇಗ ತಲೆಗೆ ಹೋಗಬೇಕು. ಸ್ಟಾಲಿನ್‌ಗ್ರಾಡ್ ಕಾರ್ಖಾನೆ ಊರು. ಕೆಂಪು ಅಕ್ಟೋಬರ್ ಉಕ್ಕಿನ ಕಾರ್ಖಾನೆ, ಟ್ರ್ಯಾಕ್ಟರ್ ಕಾರ್ಖಾನೆ, ಬ್ಯಾರಿಕೇಡ್ ತೋಪಿನ ಕಾರ್ಖಾನೆ, ಇವುಗಳ ಒಳಗೇ ವಾರಗಟ್ಟಲೆ ಕಾದಾಡಿದರು. ಟ್ರ್ಯಾಕ್ಟರ್ ಕಾರ್ಖಾನೆಯ ಕೆಲಸಗಾರರು ಟ್ಯಾಂಕ್ ಜೋಡಿಸಿ ಗೇಟಿನಿಂದ ನೇರ ಯುದ್ಧಕ್ಕೆ ಬಿಟ್ಟರು. 1923ರಿಂದ ಕಬ್ಬಿಣ ಕರಗಿಸಿದ ನಮ್ಮ ಭದ್ರಾವತಿಯ ವಿಐಎಸ್‌ಎಲ್ ಕಾರ್ಖಾನೆ ಇದೆಯಲ್ಲ, ಅದರ ಒಂದು ಶೆಡ್ಡಿನಲ್ಲಿ ಒಂದು ಸೇನೆ, ಪಕ್ಕದ ಶೆಡ್ಡಿನಲ್ಲಿ ಇನ್ನೊಂದು, ನಡುವೆ ಒಂದು ಗೋಡೆ ಅಂತ ನೆನೆಸಿಕೊಳ್ಳಿ. ಕ್ವಾರ್ಟರ್ಸ್‌ನ ಹೆಂಗಸರು ಮಕ್ಕಳು ನೆಲಮಾಳಿಗೆಗಳಲ್ಲಿ.

ಹವಾಲ್ದಾರ್: ಬೇಡ ಮಾರಾಯ್ರೆ, ನೆನೆಸಿಕೊಳ್ಳೋಕಾಗಲ್ಲ.

ಮೇಷ್ಟ್ರು: ನೆನೆಸಿಕೊಳ್ಳೋಕೆ ಆಗದ್ದನ್ನ ತೋರಿಸೋದಕ್ಕೇ ಇಂಥ ಸಿನಿಮಾ ಮಾಡೋದು. ಸೈನಿಕನ ಮರ್ಯಾದೆ ತೆಗೀತು ಅಂದಿರಲ್ಲ, ಅದಕ್ಕೆ ಬರ್ತೀನಿ. ಶಿವಮೊಗ್ಗದ ಶಿವಪ್ಪನಾಯಕನ ಅರಮನೆಗೆ ಹೋಗಿದ್ದೀರಲ್ಲ? ಅಂಗಳದಲ್ಲಿ ಸಾಲಾಗಿ ವೀರಗಲ್ಲು ನಿಲ್ಲಿಸಿದ್ದಾರೆ.

ಹವಾಲ್ದಾರ್: ನೋಡಿದ್ದೀನಿ. ಮಳೆ ಬಿಸಿಲಿಗೆ ಮೂಗು ಮುಖ ಸವೆದಿವೆ.

ಮೇಷ್ಟ್ರು: ಮುಖ ಸವೆದರೂ ಕಟ್ಟು ಗೊತ್ತಾಗುತ್ತೆ. ಸಾಮಾನ್ಯವಾಗಿ ಮೂರು ಪಟ್ಟಿಕೆ. ಕೆಳಗಿನದರಲ್ಲಿ ಕಾದಾಟ: ಬಿಲ್ಲು, ಗುರಾಣಿ, ಕುದುರೆ, ಕಾಲಡಿ ಬಿದ್ದ ಹೆಣ. ನಡುವಿನದರಲ್ಲಿ ಅಪ್ಸರೆಯರು ವೀರನನ್ನ ಅಕ್ಕಪಕ್ಕ ಹಿಡಿದು ಮೇಲಕ್ಕೆ ಒಯ್ಯುತ್ತಾರೆ. ಮೇಲಿನದರಲ್ಲಿ ಅವನು ಕೈಲಾಸದಲ್ಲಿ ಶಿವಲಿಂಗದ ಮುಂದೆ ಕೈಮುಗಿದು ಕೂತಿರುತ್ತಾನೆ, ನೆತ್ತಿಯ ಮೇಲೆ ಸೂರ್ಯ ಚಂದ್ರ. ಬಳ್ಳಿಗಾವೆಗೆ ಹೋದರೂ ಇದೇ ಕಟ್ಟು. ಆ ಕಲ್ಲಿನಲ್ಲಿ ಇರೋನು ಸಾಮಾನ್ಯವಾಗಿ ರಾಜನಲ್ಲ. ಎಷ್ಟೋ ಸಲ, ಊರಿನ ದನವನ್ನ ಕಳ್ಳರು ಹೊಡೆದುಕೊಂಡು ಹೋಗುವಾಗ ಅಡ್ಡಬಂದು ಸತ್ತ ಸಾಮಾನ್ಯ ಮನುಷ್ಯ. ಹಾಗಾಗಿ ಅದು ದೊಡ್ಡ ವಿಷಯವೇ. ಆದರೆ ನಮ್ಮ ಕಣ್ಣು ಅಭ್ಯಾಸಬಲದಿಂದ ಕೆಳಗಿನ ಪಟ್ಟಿಕೆ ಬಿಟ್ಟು ಮೇಲಕ್ಕೆ ಏರುತ್ತೆ. ಸತ್ತ, ಸ್ವರ್ಗಕ್ಕೆ ಹೋದ, ಅಲ್ಲಿಗೆ ಲೆಕ್ಕ ಚುಕ್ತಾ. ಯುದ್ಧ ಬೇಡ ಅನ್ನೋ ಸಿನಿಮಾ ಮೇಲಿನ ಎರಡು ಪಟ್ಟಿಕೆ ಕೆತ್ತೋದಿಲ್ಲ. ಕೆಳಗಿನ ಪಟ್ಟಿಕೆಯ ಮುಂದೆ ನಮ್ಮನ್ನ ಎರಡು ಗಂಟೆಗೂ ಹೆಚ್ಚು ಹೊತ್ತು ಕೂರಿಸುತ್ತೆ. ಅಪ್ಸರೆ ಬರಲ್ಲ. ಹಿಮ ಬೀಳ್ತಾ ಇರುತ್ತೆ.

ಹವಾಲ್ದಾರ್: ಹೆದರಿ ಓಡೋರನ್ನ ತೋರಿಸೋದಕ್ಕೂ ಇದಕ್ಕೂ ಏನು ಸಂಬಂಧ?

ಮೇಷ್ಟ್ರು: ಇದೆ. ಕುಮಾರವ್ಯಾಸನ ವಿರಾಟಪರ್ವದಲ್ಲಿ ಉತ್ತರಕುಮಾರ ಕೌರವರ ಸೇನೆ ಕಂಡ ಕೂಡಲೇ ರಥದಿಂದ ಧುಮುಕಿ ಓಡ್ತಾನೆ. ತುಂಗೆಯ ದಡದ ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರು, ಅಲ್ಲಿನ ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಕೂಡ ಬಂತು. ಉತ್ತರನ ಆ ಭಾಗವನ್ನ ಗಮಕಿಗಳು ಹಾಡುವಾಗ ಸಭೆಗೆ ಸಭೆಯೇ ಬಿದ್ದು ಬಿದ್ದು ನಗುತ್ತೆ. ನಾನೂ ತರಗತಿಯಲ್ಲಿ ಪಾಠ ಮಾಡುವಾಗ ಮಕ್ಕಳನ್ನ ನಗಿಸಿದ್ದೇನೆ. ಉತ್ತರನ ಪೌರುಷ ಒಲೆ ಮುಂದೆ ಅಂತ ಗಾದೆಯನ್ನೇ ಮಾಡಿಕೊಂಡಿದ್ದೇವೆ. ಈ ಜರ್ಮನ್ ಸಿನಿಮಾದಲ್ಲೂ ಓಡೋರಿದ್ದಾರೆ. ಆದರೆ ನಗು ಬರಲ್ಲ, ಯಾಕಂದರೆ ಅವರು ಏನು ಕಂಡು ಓಡ್ತಿದ್ದಾರೆ ಅನ್ನೋದನ್ನ ನಾವೂ ಅವರ ಜೊತೆಗೇ ಕಂಡಿರ್ತೇವೆ.

ಹವಾಲ್ದಾರ್: ಗಾದೆ ಒಪ್ಪಿದೆ. ಆದರೆ ಅದು ಉತ್ತರನಿಗೆ ಅಲ್ಲ ಮೇಷ್ಟ್ರೇ, ಈಗ ಮೊಬೈಲ್ ಹಿಡ್ಕೊಂಡು ಯುದ್ಧ ಆಗಲೇಬೇಕು ಅಂತ ಟೈಪ್ ಮಾಡೋರಿಗೆ. ಉತ್ತರ ಪಾಪ, ರಣರಂಗದ ತನಕ ಹೋಗಿದ್ದನಲ್ಲ.

ಮೇಷ್ಟ್ರು: ಈ ಮಾತು ನನ್ನ ಪಾಠಕ್ಕೆ ಮೊದಲೇ ಸಿಗಬೇಕಿತ್ತು! ಆದರೆ ನನಗೆ ಒಂದು ಇರಿಸುಮುರಿಸು ಇದೆ. ವೀರಗಲ್ಲು ನಿಲ್ಲಿಸಿದ್ದು ದನ ಕಾಯೋಕೆ ಹೋಗಿ ಸತ್ತವನಿಗೆ, ಕದಿಯೋಕೆ ಬಂದವನಿಗಲ್ಲ. ಈ ಜರ್ಮನ್ನರು ಕಂಡವರ ದೇಶಕ್ಕೆ ನುಗ್ಗಿದವರು. ಅವರಿಗಾಗಿ ನಾವು ಕಣ್ಣೀರು ಹಾಕಬೇಕಾ?

ಹವಾಲ್ದಾರ್: ಆ ಹುಡುಗನನ್ನ ಕೊಲ್ಲಿಸಿದ ಸೀನು ನೆನಪಿದೆಯಾ? ರಷ್ಯನ್ ಊರಿನವರನ್ನ ಸಾಲಾಗಿ ನಿಲ್ಲಿಸ್ತಾರೆ, ಅದರಲ್ಲಿ ಇವರಿಗೆ ಪರಿಚಯದ ಒಬ್ಬ ಹುಡುಗನೂ ಇರ್ತಾನೆ. ಲೆಫ್ಟಿನೆಂಟ್ ಬೇಡ ಅಂತಾನೆ, ಅವನ ಮಾತು ನಡೆಯಲ್ಲ. ಇವರೇ ಗುಂಡು ಹಾರಿಸಬೇಕಾಗುತ್ತೆ. ಹಾರಿಸ್ತಾರೆ. ಸಿನಿಮಾ ಅವರನ್ನ ಸುಮ್ಮನೆ ಬಿಟ್ಟಿಲ್ಲ ಅನ್ನಿಸ್ತು.

ಮೇಷ್ಟ್ರು: ಅರ್ಧ ಒಪ್ತೀನಿ. ಇದೇ ಆರನೇ ಸೇನೆ ಹಿಂದಿನ ವರ್ಷ, 1941ರಲ್ಲಿ, ಉಕ್ರೇನ್ ದಾಟಿ ಬಂದದ್ದು. ಅದರ ಆಗಿನ ಸೇನಾಪತಿ ರೈಷೆನಾವ್ ಯಹೂದಿಗಳ ಮೇಲೆ ಕರುಣೆ ಬೇಡ ಅಂತ ಲಿಖಿತ ಆಜ್ಞೆಯನ್ನೇ ಹೊರಡಿಸಿದ್ದ. ಬಿಲಾ ತ್ಸೆರ್ಕ್ವ ಅನ್ನೋ ಊರಿನಲ್ಲಿ ತಂದೆತಾಯಿ ಸತ್ತ ಮೇಲೆ ಉಳಿದಿದ್ದ ಸುಮಾರು 90 ಮಕ್ಕಳನ್ನ ಕೊಲ್ಲೋದಕ್ಕೆ ಅವನ ಒಪ್ಪಿಗೆ ಇತ್ತು. ಸಿನಿಮಾದಲ್ಲಿ ಈ ಹಿಂದಿನ ಕಥೆ ಇಲ್ಲ. ಕೆಟ್ಟವರೆಲ್ಲ ಮೇಲಧಿಕಾರಿಗಳು, ನಮ್ಮ ನಾಲ್ಕು ಹುಡುಗರು ಒಳಗೆ ಚಿನ್ನ ಅನ್ನೋ ಹಾಗಿದೆ. ಅದು ಸಿನಿಮಾದ ಕೊರತೆ.

ಹವಾಲ್ದಾರ್: ಕೊರತೆ ಸರಿ. ಆದರೆ ಒಂದು ಹೇಳಲಾ? ತಪ್ಪು ಮಾಡಿದವನೂ ಚಳಿಗೆ ಹಾಗೇ ಸಾಯ್ತಾನೆ. ಅವನಿಗೆ ಕಲ್ಲು ನಿಲ್ಲಿಸಬೇಡಿ, ಅವನನ್ನ ಹೊಗಳಬೇಡಿ. ಆದರೆ ಅವನು ಹೇಗೆ ಅಲ್ಲಿಗೆ ಬಂದ, ಯಾರ ಮಾತು ಕೇಳಿ ಬಂದ, ಎಲ್ಲಿ ಬೇಡ ಅನ್ನಬಹುದಿತ್ತು ಅನ್ನೋದನ್ನ ನೋಡಿ ಇಟ್ಕೊಳ್ಳಬೇಕು. ಅವರೆಲ್ಲ ಹುಟ್ಟಾ ರಾಕ್ಷಸರು ಅಂದುಬಿಟ್ಟರೆ ನಮಗೆ ಕಲಿಯೋದು ಏನೂ ಇರಲ್ಲ, ಆರಾಮಾಗಿ ಮಲಗಬಹುದು.

ಮೇಷ್ಟ್ರು: ಮರುಕ ಬೇರೆ, ಮಾಫಿ ಬೇರೆ ಅಂತೀರಿ.

ಹವಾಲ್ದಾರ್: ಹೌದು. ಈಗ ನಮ್ಮ ಕಡೆಗೆ ಬನ್ನಿ, ಅಲ್ಲಿ ಈ ಗೊಂದಲ ಇಲ್ಲ. ಹನುಮಂತಪ್ಪ ಕೊಪ್ಪದ್ ನೆನಪಿದ್ದಾರಲ್ಲ?

ಮೇಷ್ಟ್ರು: ಮರೆಯೋಕಾಗುತ್ತಾ? ಧಾರವಾಡ ಜಿಲ್ಲೆ, ಕುಂದಗೋಳ ತಾಲ್ಲೂಕು, ಬೆಟದೂರು.

ಹವಾಲ್ದಾರ್: 2016ರ ಫೆಬ್ರವರಿ 3. ಸಿಯಾಚಿನ್‌ನ ಸೋನಮ್ ಪೋಸ್ಟ್, 19,600 ಅಡಿ. ನಮ್ಮ ಮುಳ್ಳಯ್ಯನಗಿರಿಯ ಮೂರು ಪಟ್ಟು ಎತ್ತರ. ಹಿಮಕುಸಿತಕ್ಕೆ ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ನಿನ ಹತ್ತು ಜನ ಸಿಕ್ಕಿಬಿದ್ದರು. ಅದರಲ್ಲಿ ಕರ್ನಾಟಕದವರು ಮೂವರು: ಇವರೊಬ್ಬರು, ಹಾಸನ ಜಿಲ್ಲೆಯವರೊಬ್ಬರು, ಮೈಸೂರು ಜಿಲ್ಲೆಯವರೊಬ್ಬರು. ಯಾರೂ ಬದುಕಿರೋ ಸಾಧ್ಯತೆ ಇಲ್ಲ ಅಂತ ಹೇಳಿಯೂ ಆಗಿತ್ತು. ಕಲ್ಲಿನಂಥ ಮಂಜುಗಡ್ಡೆ ಕತ್ತರಿಸಿ, ನಾಯಿಗಳನ್ನ ಬಿಟ್ಟು ಹುಡುಕಿದರು. ಆರನೇ ದಿನ 25 ಅಡಿಗೂ ಹೆಚ್ಚು ಆಳದಲ್ಲಿ ಲ್ಯಾನ್ಸ್ ನಾಯಕ್ ಹನುಮಂತಪ್ಪ ಉಸಿರಾಡ್ತಾ ಸಿಕ್ಕರು. ದೆಹಲಿಯ ಸೇನಾ ಆಸ್ಪತ್ರೆಗೆ ತಂದರು. ಫೆಬ್ರವರಿ 11ಕ್ಕೆ ಹೋಗಿಬಿಟ್ಟರು. ಆ ಮೂರು ದಿನ ನಾಡಿಗೆ ನಾಡೇ ಹರಕೆ ಹೊತ್ತಿತ್ತು.

ಮೇಷ್ಟ್ರು: ಆಗ ಅಲ್ಲಿ ಯುದ್ಧ ನಡೀತಿರಲಿಲ್ಲ ಅಲ್ವಾ?

ಹವಾಲ್ದಾರ್: ಇಲ್ಲ. 1984ರ ಏಪ್ರಿಲ್ 13ಕ್ಕೆ ಆಪರೇಷನ್ ಮೇಘದೂತದಲ್ಲಿ ನಾವು ಹತ್ತಿದ್ದು. 2003ರ ನವೆಂಬರ್‌ನಿಂದ ಕದನವಿರಾಮ. ಗುಂಡು ಹಾರದಿದ್ದರೂ ಜನ ಸಾಯ್ತಾರೆ. ಸಿಯಾಚಿನ್‌ನಲ್ಲಿ ಶತ್ರುವಿನ ಗುಂಡಿಗೆ ಸತ್ತವರಿಗಿಂತ ಚಳಿಗೆ, ಹಿಮಕುಸಿತಕ್ಕೆ, ಎತ್ತರಕ್ಕೆ ಶ್ವಾಸಕೋಶದಲ್ಲಿ ನೀರು ತುಂಬಿ ಸತ್ತವರೇ ಹೆಚ್ಚು. ಮೇಲಕ್ಕೆ ಹೋಗುವಾಗ ಬೇಸ್ ಕ್ಯಾಂಪಿನಲ್ಲಿ ನಾವು ಸೈನಿಕರು ಕೈಮುಗಿಯೋ ಓಪಿ ಬಾಬಾ ಗುಡಿಯಲ್ಲಿ ರಿಪೋರ್ಟ್ ಮಾಡಿ ಹೋಗೋದು, ಇಳಿದು ಬಂದ ಮೇಲೆ ಮತ್ತೆ ಅಲ್ಲೇ ರಿಪೋರ್ಟ್. ಎರಡನೇ ರಿಪೋರ್ಟ್ ಮಾಡೋಕೆ ಕೆಲವರು ಬರಲ್ಲ.

ಮೇಷ್ಟ್ರು: ನಮ್ಮ ಯುದ್ಧದ ಕಥೆಗಳಲ್ಲಿ ಈ ಭಾಗ ಕಡಿಮೆ. 1948ರ ನವೆಂಬರ್ 1ಕ್ಕೆ ಕೊಡಗಿನ ಜನರಲ್ ತಿಮ್ಮಯ್ಯನವರು ಜೋಜಿ ಲಾ ಕಣಿವೆಗೆ ಟ್ಯಾಂಕ್ ಹತ್ತಿಸಿದರು ಅಂತ ಪಾಠ ಮಾಡ್ತೇವೆ. ಆ ಟ್ಯಾಂಕ್ ಹೋಗೋಕೆ ಬೆಟ್ಟದ ಮೈಯಲ್ಲಿ ದಾರಿ ಕಡಿದ ಮದ್ರಾಸ್ ಸ್ಯಾಪರ್ಸ್‌ನವರ ಬೆರಳು ಎಷ್ಟು ಹೋದವು ಅಂತ ಯಾವ ಪಾಠದಲ್ಲೂ ಬರಲ್ಲ. ಅವರ ಕೇಂದ್ರ ನಮ್ಮ ಬೆಂಗಳೂರಿನಲ್ಲೇ ಇದೆ.

ಹವಾಲ್ದಾರ್: ಚೀನಾ ಯುದ್ಧದ ರೆಜಾಂಗ್ ಲಾ ಕೂಡ ಹಾಗೇ. 1962ರ ನವೆಂಬರ್ 18. ಕುಮಾವ್ ರೆಜಿಮೆಂಟಿನ ಒಂದು ಕಂಪನಿ, 114 ಜನ ಸತ್ತರು. ಮುಂದಿನ ಫೆಬ್ರವರಿಯಲ್ಲಿ ಕುರಿಗಾಹಿಯೊಬ್ಬ ಆ ಕಡೆ ಹೋಗೋ ತನಕ ಹೆಣಗಳು ಹಾಗೇ ಹೆಪ್ಪುಗಟ್ಟಿ ಕಂದಕದಲ್ಲಿದ್ದವು, ಕೈಯಲ್ಲಿ ಆಯುಧ ಹಿಡಿದ ಹಾಗೇ. ಅದು ಶೌರ್ಯ, ಎರಡು ಮಾತಿಲ್ಲ. ಆದರೆ ಅವರ ಬೆನ್ನಿಗೆ ಫಿರಂಗಿಯ ನೆರವು ಯಾಕಿರಲಿಲ್ಲ, ಚಳಿಗೆ ತಕ್ಕ ಬಟ್ಟೆ ಯಾಕಿರಲಿಲ್ಲ ಅಂತ ಕೇಳಿದರೆ ಶೌರ್ಯಕ್ಕೆ ಕುಂದು ಬರುತ್ತಾ? ಬರಲ್ಲ. ಕೇಳದೇ ಇದ್ದರೆ ಮುಂದಿನ ಹುಡುಗನೂ ಅದೇ ಬಟ್ಟೆಯಲ್ಲಿ ಹೋಗ್ತಾನೆ.

ಮೇಷ್ಟ್ರು: ಮೇಲಿನ ಪಟ್ಟಿಕೆಯಲ್ಲಿ ಅಪ್ಸರೆಯನ್ನ ಕೆತ್ತಿಬಿಟ್ಟರೆ ಈ ಪ್ರಶ್ನೆ ಯಾರೂ ಕೇಳಲ್ಲ. ಅನುಕೂಲ ಯಾರಿಗೆ ಅಂದರೆ, ಬಟ್ಟೆ ಕಳಿಸಬೇಕಾಗಿದ್ದವರಿಗೆ.

ಹವಾಲ್ದಾರ್: ಕನ್ನಡದಲ್ಲಿ ಇಂಥ ಸಿನಿಮಾ ಬಂದಿಲ್ಲ ಅನ್ನೋ ಹಾಗಿಲ್ಲ. ‘ಮುತ್ತಿನ ಹಾರ’ವನ್ನ ರಜೆಗೆ ಬಂದಿದ್ದಾಗ ಹೆಂಡತಿ ಜೊತೆ ಭದ್ರಾವತಿ ಟಾಕೀಸಿನಲ್ಲಿ ನೋಡಿದ್ದೆ. ವಿಷ್ಣುವರ್ಧನ್ ಕೊಡವ ಸೈನಿಕ, ಸುಹಾಸಿನಿ ನರ್ಸು. ನಾನು ಯುದ್ಧದ ಸೀನಿಗೆ ಶಿಳ್ಳೆ ಹಾಕ್ತಿದ್ದೆ, ಪಕ್ಕದಲ್ಲಿ ಅವಳು ಮೂಗು ಒರೆಸ್ಕೊಳ್ತಿದ್ದಳು. ಮನೆಗೆ ಬಂದ ಮೇಲೂ ಒಂದು ಗಂಟೆ ಮಾತಿಲ್ಲ.

ಮೇಷ್ಟ್ರು: ರಾಜೇಂದ್ರಸಿಂಗ್ ಬಾಬು ಅವರ 1990ರ ಚಿತ್ರ, ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು. ಅದರ ಶಕ್ತಿ ಇರೋದು ಮನೆ ಕಡೆಯ ಕಥೆಯಲ್ಲಿ. ಒಂದು ಯುದ್ಧದಿಂದ ಇನ್ನೊಂದು ಯುದ್ಧಕ್ಕೆ ಆ ಸಂಸಾರ ಏನೇನು ಕಳಕೊಳ್ಳುತ್ತೆ ಅನ್ನೋದನ್ನ ಹೆಂಡತಿಯ ಕಣ್ಣಿನಿಂದ ನೋಡಿಸ್ತಾರೆ. ಆದರೂ ನೀವು ಶಿಳ್ಳೆ ಹಾಕಿದಿರಿ ನೋಡಿ, ತೊಡಕು ಇರೋದು ಅಲ್ಲೇ. ಯುದ್ಧ ಬೇಡ ಅನ್ನೋದಕ್ಕೂ ಯುದ್ಧವನ್ನೇ ತೋರಿಸಬೇಕು, ತೋರಿಸಿದರೆ ರೋಮಾಂಚನ ಆಗುತ್ತೆ. ‘ಸ್ಟಾಲಿನ್‌ಗ್ರಾಡ್’ನಲ್ಲೂ ಹಿಮದ ಬಯಲಲ್ಲಿ ಟ್ಯಾಂಕುಗಳ ದಾಳಿ ಬಂದಾಗ ನಮ್ಮ ಜೊತೆ ಕೂತಿದ್ದ ನನ್ನ ಮೊಮ್ಮಗ ಎದ್ದು ನಿಂತುಬಿಟ್ಟ.

ಹವಾಲ್ದಾರ್: ನಿಂತವನು ಆಮೇಲೆ ಕೂತನಲ್ಲ. ಗುಂಡಿಯಲ್ಲಿ ಮುದುಡಿಕೊಂಡವನ ಮೇಲೆ ಟ್ಯಾಂಕ್ ಹರಿದಾಗ ಅವನ ಮುಖ ನಾನು ನೋಡ್ತಿದ್ದೆ.

ಮೇಷ್ಟ್ರು: ಹೌದು, ಅದಕ್ಕೇ ಇಂಥ ಸಿನಿಮಾನ ಒಬ್ಬೊಬ್ಬರೇ ಮೊಬೈಲಿನಲ್ಲಿ ಓಡಿಸಿಕೊಂಡು ನೋಡಬಾರದು. ನಮ್ಮ ಜಿಲ್ಲೆಯ ಹೆಗ್ಗೋಡಿನಲ್ಲಿ ನೀನಾಸಮ್ ಚಿತ್ರಸಮಾಜ ಶುರುವಾದದ್ದು 1973ರಲ್ಲಿ. ಅಡಿಕೆ ತೋಟದ ಕೆಲಸ ಮುಗಿಸಿ ಬಂದವರಿಗೆ ನೀನಾಸಮ್ ಕಟ್ಟಿದ ಸುಬ್ಬಣ್ಣನವರು ಜಪಾನಿನ, ಇಟಲಿಯ ಚಿತ್ರ ತೋರಿಸಿದರು. ಪುಣೆಯ ಸಿನಿಮಾ ಪ್ರಾಧ್ಯಾಪಕ ಸತೀಶ್ ಬಹಾದೂರ್ ಬಂದು ರಸಗ್ರಹಣ ಶಿಬಿರದಲ್ಲಿ ಪಾಠ ಮಾಡಿದರು. ಅಲ್ಲಿ ನಾನು ಕಲಿತದ್ದು, ಸಿನಿಮಾ ಮುಗಿದ ಮೇಲೆ ಎದ್ದು ಹೋಗದೆ ಕೂತು ಮಾತಾಡಬೇಕು ಅನ್ನೋದು. ಪರದೇಶದ ಭಾಷೆ ಅಂತ ಹಳ್ಳಿಯವರು ಹಿಂಜರಿಯಲಿಲ್ಲ. ನಾವು ಯಾಕೆ ಹಿಂಜರಿಯಬೇಕು? ಊರಿನ ಸಮುದಾಯ ಭವನದಲ್ಲಿ ಒಂದು ಸಂಜೆ ಈ ಚಿತ್ರ ಹಾಕಿಸೋಣ. ಪಿಯುಸಿ ಹುಡುಗರು, ಅಗ್ನಿವೀರ್ ಭರ್ತಿಗೆ ಬೆಳಗ್ಗೆ ಓಡ್ತಾರಲ್ಲ ಆ ಹುಡುಗರು, ಎಲ್ಲ ಬರಲಿ. ಕೊನೆಗೆ ನೀವು ಮಾತಾಡಿ.

ಹವಾಲ್ದಾರ್: ಭರ್ತಿಗೆ ಓಡೋರು ಇದನ್ನ ನೋಡಿ ಹೆದರಿದರೆ?

ಮೇಷ್ಟ್ರು: ಏನು ಹೇಳ್ತೀರಿ ಅವರಿಗೆ?

ಹವಾಲ್ದಾರ್: ಹೋಗಿ ಅಂತಲೇ ಹೇಳ್ತೀನಿ. ನಾನೂ ಹೋಗಿದ್ದೆ, ಅದರ ಬಗ್ಗೆ ನನಗೆ ಹೆಮ್ಮೆ ಇದೆ. ಆದರೆ ಕಣ್ಣು ತೆರೆದುಕೊಂಡು ಹೋಗಿ ಅಂತೀನಿ. ಹೆದರಿಕೆ ಆದರೆ ನಾಚಿಕೆ ಪಡಬೇಡಿ, ಹೆದರಿಕೆ ಇಲ್ಲದವನ ಜೊತೆ ಹಗ್ಗ ಕಟ್ಟಿಕೊಂಡು ಹಿಮದ ಮೇಲೆ ನಡೆಯೋದು ಅಪಾಯ. ನಿಮ್ಮ ಮೇಲೆ ಕೈ ಎತ್ತದ ಜನರ ಮೇಲೆ ಗುಂಡು ಹಾರಿಸು ಅಂತ ಯಾರಾದರೂ ಹೇಳಿದರೆ ಆ ಹುಡುಗನ ಸೀನು ನೆನಪಿಗೆ ಬರಲಿ. ಇಷ್ಟು ಸೈನಿಕನಾಗೋನಿಗೆ.

ಮೇಷ್ಟ್ರು: ಮಿಕ್ಕವರಿಗೆ?

ಹವಾಲ್ದಾರ್: ಮಿಕ್ಕವರಿಗೆ ಹೇಳೋದು ಜಾಸ್ತಿ ಇದೆ. ನಮ್ಮಂಥವರ ಪಾರ್ಥಿವ ಶರೀರ ಬಂದ ದಿನ ಮೆರವಣಿಗೆ, ಹೂವು, ಘೋಷಣೆ ಎಲ್ಲ ಮಾಡ್ತೀರಿ. ಒಳ್ಳೇದು. ಆರು ತಿಂಗಳು ಬಿಟ್ಟು ಆ ಮನೆಗೆ ಹೋಗಿ, ಪಿಂಚಣಿ ಕಾಗದ ಆಯ್ತಾ, ಮಕ್ಕಳ ಫೀಸು ಕಟ್ಟಿದ್ರಾ ಅಂತ ಕೇಳಿ. ಯುದ್ಧ ಬೇಕು ಅಂತ ಬರೆಯೋ ಮುಂಚೆ ನಿಮ್ಮ ಬೀದಿಯಲ್ಲಿರೋ ಒಬ್ಬ ಮಾಜಿ ಸೈನಿಕನ ಹತ್ತಿರ ಕೂತು, ಅಲ್ಲಿ ಹೇಗಿತ್ತು ಅಂತ ಒಂದು ಸಲ ವಿಚಾರಿಸಿ. ಯುದ್ಧ ಬಂದರೆ ಹೋಗೋದು ಸೈನಿಕನ ಕೆಲಸ, ಅದನ್ನ ಅವನು ಮಾಡ್ತಾನೆ. ಸುಮ್ಮಸುಮ್ಮನೆ ಯುದ್ಧ ಬರದ ಹಾಗೆ ನೋಡಿಕೊಳ್ಳೋದು, ಬಂದಾಗ ಅವನಿಗೆ ಬಟ್ಟೆ ಬರೆ ಸರಿಯಾಗಿ ತಲುಪಿತಾ ಅಂತ ಕೇಳೋದು ಊರಲ್ಲಿ ಉಳಿದವರ ಕೆಲಸ. ಅದನ್ನ ನೀವು ಮಾಡಿ.